ಹಸಿರು ಪರದೆ

ಫಿಲಾಸಫಿ ಕೊನೆಯ ವರ್ಷದ ತರಗತಿಯಲ್ಲಿ ಇದ್ದದ್ದು ಮೂರೇ ಜನ. ಮೂವರಿಗೂ ಅಡ್ಡಹೆಸರು ಬಿದ್ದು, ನಿಜವಾದ ಹೆಸರು ಹಾಜರಿ ಕೂಗುವಾಗ ಮಾತ್ರ ಕೇಳಿಬರುತ್ತಿತ್ತು. ಯಾವ ಮಾತು ಬಂದರೂ ‘ಈ ಕಡೆಯಿಂದ ನೋಡಿದರೆ ಸರಿ, ಆ ಕಡೆಯಿಂದ ನೋಡಿದರೆ ತಪ್ಪು’ ಎಂದು ತೂಗುವ ಹುಡುಗಿ ತಕ್ಕಡಿ. ಎದುರು ಸಿಕ್ಕವರನ್ನೆಲ್ಲ ಕಟಕಟೆ ಹತ್ತಿಸುವವನು ವಕೀಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಪಟ್ಟು ಹಿಡಿಯುವವನು ಮೂರುಕಾಲ.

ಆ ವರ್ಷ ಪ್ರತಿಯೊಬ್ಬರೂ ಒಂದು ವಿಷಯದ ಮೇಲೆ ಪ್ರಬಂಧ ಬರೆದು ಇಡೀ ವಿಭಾಗದ ಎದುರು ಮಂಡಿಸಬೇಕಿತ್ತು. ವಕೀಲ ಹಿಡಿದದ್ದು ಸಾಕ್ಷಿಯನ್ನು: ನಾವು ತಿಳಿದದ್ದರಲ್ಲಿ ಬಹುಪಾಲು ಬೇರೆಯವರು ಹೇಳಿದ್ದೇ ಅಲ್ಲವೇ ಎನ್ನುವುದು ಅವನ ವಾದ. ತಕ್ಕಡಿ ಹಿಡಿದದ್ದು ಸುಳ್ಳನ್ನು: ಒಬ್ಬರ ಒಳ್ಳೆಯದಕ್ಕೆಂದು ಸುಳ್ಳು ಹೇಳಬಹುದೇ? ಮೂರುಕಾಲ ಹಿಡಿದದ್ದು ನೆನಪನ್ನು. ನೆನಪೇ ತಿಳಿವು, ಅದಕ್ಕೆ ಇನ್ನೊಬ್ಬರ ಸಹಿ ಬೇಕಿಲ್ಲ ಎನ್ನುತ್ತಿದ್ದ. ಅದಕ್ಕೆ ಅವನ ಹತ್ತಿರ ಒಂದು ಉದಾಹರಣೆಯಿತ್ತು. ಅವನಿಗೆ ನಾಲ್ಕು ವರ್ಷವಿದ್ದಾಗ ತಾಯಿ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಹಿಂದಿನ ದಿನ ಅವನ ಕೈಯನ್ನು ಕೆನ್ನೆಗೆ ಒತ್ತಿಕೊಂಡು, ‘ಬಂಗಾರ, ಅಕ್ಕನ ಮಾತು ಕೇಳು’ ಅಂದಿದ್ದಳು. ಹಾಸಿಗೆಯ ಪಕ್ಕ ಹಸಿರು ಪರದೆ, ಔಷಧದ ಘಾಟು, ಕೆನ್ನೆಯ ಬಿಸಿ. ಎಲ್ಲವೂ ನೆನಪಿದೆ ಎನ್ನುತ್ತಿದ್ದ.

ಮೊದಲೆರಡು ವರ್ಷ ತರಗತಿಗೆ ತಕ್ಕಡಿಯೇ ಮೊದಲು. ಈ ವರ್ಷ ಮೇಷ್ಟ್ರು ಬಾಯಿ ತೆರೆದರೆ ಮೂರುಕಾಲನ ಹೊಗಳಿಕೆ. ಅವಳಿಗೆ ಒಳಗೊಳಗೇ ಕುದಿಯುತ್ತಿತ್ತು. ಹಾಗಾಗಿ ವಕೀಲ ಕ್ಯಾಂಟೀನಿನಲ್ಲಿ, “ಇವನ ನೆನಪನ್ನ ಅಲ್ಲಾಡಿಸೋಣ. ಇದ್ದದ್ದನ್ನ ಇಲ್ಲ ಅನ್ನಿಸೋಕೆ ಎರಡು ಬಾಯಿ ಸಾಕು” ಅಂದಾಗ ತಕ್ಕಡಿ ಈ ಸಲ ಎರಡು ಕಡೆಯಿಂದ ನೋಡಲಿಲ್ಲ. ಕೂಡಲೇ ಒಪ್ಪಿಕೊಂಡಳು.

ಮೊದಲು ಸಣ್ಣಪುಟ್ಟದ್ದು. ಅವನು ಹೇಳದ ಮಾತನ್ನು ಹೇಳಿದೆ ಅಂದರು, ಕೊಟ್ಟ ಪುಸ್ತಕವನ್ನು ಕೊಟ್ಟೇ ಇಲ್ಲ ಅಂದರು. ಮೂರುಕಾಲ ಜಪ್ಪಯ್ಯ ಅನ್ನಲಿಲ್ಲ.

“ಬೇರಿಗೇ ಕೈ ಹಾಕ್ಬೇಕು. ಅವನ ಅಕ್ಕ ಇದಾರಲ್ಲ, ಒಂದೇ ಒಂದು ದಿನ ‘ನೀನು ಆಸ್ಪತ್ರೆಗೆ ಬಂದೇ ಇರಲಿಲ್ಲ’ ಅಂತ ಹೇಳಲಿ” ಅಂದ ವಕೀಲ. “ನೀನು ಹೋಗು. ಹೆಂಗಸರ ಹತ್ರ ಹೆಂಗಸರೇ ಮಾತಾಡೋದು ಒಳ್ಳೇದು.”

ಅಕ್ಕನದು ಬಸ್ ನಿಲ್ದಾಣದ ಹಿಂದೆ ಒಂದು ಟೈಲರ್ ಅಂಗಡಿ. ಹೊಲಿಗೆ ಯಂತ್ರ, ಅವಳು, ಬಟ್ಟೆಯ ಗಂಟುಗಳು. ಇಷ್ಟಕ್ಕೇ ಅಂಗಡಿ ತುಂಬಿಹೋಗಿತ್ತು. ತಮ್ಮನ ಜೊತೆ ಓದುವ ಹುಡುಗಿ ಎಂದು ತಿಳಿದದ್ದೇ ಅವಳು ಬಟ್ಟೆ ಸರಿಸಿ ಸ್ಟೂಲು ಕೊಟ್ಟಳು. ತಕ್ಕಡಿ ನಗುನಗುತ್ತಲೇ ವಿಷಯ ತೆಗೆದಳು.

“ಅಕ್ಕಾ, ಒಂದು ತಮಾಷೆಗೆ ನಿಮ್ಮ ಸಹಾಯ ಬೇಕು. ಅಮ್ಮ ತೀರಿಕೊಂಡಾಗ ಅವನು ಆಸ್ಪತ್ರೆಗೇ ಬಂದಿರಲಿಲ್ಲ ಅಂತ ಅವನಿಗೆ ಹೇಳ್ತೀರಾ?”

ಯಂತ್ರ ತುಳಿಯುತ್ತಿದ್ದ ಕಾಲು ನಿಂತಿತು. ಅಕ್ಕನ ಮುಖ ಬಿಳಿಚಿಕೊಂಡಿತು.

“ಯಾರು ಹೇಳಿದ್ರು ನಿನಗೆ?”

ತಕ್ಕಡಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಎದೆ ಧಸಕ್ಕೆಂದಿತು. ಅದರ ಹಿಂದೆಯೇ, ನಾಚಿಕೆಗೆಟ್ಟ ಒಂದು ಖುಷಿಯೂ ಇಣುಕಿತು.

ಬಾಯಿ ಜಾರಿದ ಮೇಲೆ ಅಕ್ಕ ಉಳಿದದ್ದನ್ನೂ ಹೇಳಿದಳು. “ಇವನು ಹುಟ್ಟಿದ ಮೇಲೇ ಅಮ್ಮ ಹಾಸಿಗೆ ಹಿಡಿದಿದ್ದು. ಕೊನೆಕೊನೆಗೆ ‘ಅವನನ್ನ ನನ್ನ ಕಣ್ಣೆದುರು ತರಬೇಡಿ’ ಅಂತಿದ್ರು. ನೋವು ಹಾಗೆ ಮಾತಾಡಿಸ್ತಿತ್ತು ಅಂತ ಇಟ್ಕೋ. ಇವನು ಪಕ್ಕದ ಮನೇಲಿದ್ದ. ಆಮೇಲೆ ರಾತ್ರಿಯೆಲ್ಲ ಅಮ್ಮ ಬೇಕು ಅಂತ ಅಳ್ತಿದ್ದ. ನನಗೂ ಹದಿನಾರು ವರ್ಷ, ಏನು ಹೇಳಿ ಸಮಾಧಾನ ಮಾಡಲಿ? ಅಮ್ಮ ನಿನ್ನ ಕೈ ಹಿಡಿದು ಬಂಗಾರ ಅಂದ್ರು ಅಂತ ದಿನಾ ಅದೇ ಕಥೆ ಹೇಳಿದೆ. ಆ ಹಸಿರು ಪರದೆ ನಾನು ನೋಡಿದ್ದು. ಹೇಳ್ತಾ ಹೇಳ್ತಾ ಅವನದೇ ಆಗೋಯ್ತು.” ತಕ್ಕಡಿಯ ಎರಡೂ ಕೈ ಹಿಡಿದುಕೊಂಡಳು. “ನಿನ್ನ ಹೊಟ್ಟೇಲೇ ಇಟ್ಕೋ ತಾಯಿ. ಅವನಿಗೆ ಅದೊಂದೇ ಇರೋದು.”

“ನನ್ನ ಬಾಯಿಂದ ಬರಲ್ಲ ಅಕ್ಕಾ” ಅಂದಳು ತಕ್ಕಡಿ. ಆಗ ಅದು ಸುಳ್ಳಾಗಿರಲಿಲ್ಲ. ವಕೀಲನಿಗೂ, ಅಕ್ಕ ಒಪ್ಪಲಿಲ್ಲ ಎಂದಷ್ಟೇ ಹೇಳಿದಳು.

ಮಂಡನೆಯ ದಿನ ಸಭಾಂಗಣದಲ್ಲಿ ಕಿರಿಯ ತರಗತಿಯವರೆಲ್ಲ ಕಿಕ್ಕಿರಿದಿದ್ದರು. ಮೂರುಕಾಲ ಚೆನ್ನಾಗಿ ಓದಿದ. ತಾಯಿಯ ಮಾತು ಬಂದಾಗ ಹಿಂದಿನ ಸಾಲಿನವರೂ ಮುಂದೆ ಬಾಗಿ ಕೇಳಿದರು. ಓದಿ ಮುಗಿಸುತ್ತಲೇ ವಕೀಲ ಎದ್ದ.

“ನಾಲ್ಕು ವರ್ಷದ ಮಗು. ಯಾರೋ ಹೇಳಿದ್ದನ್ನೇ ನೀನು ನೆನಪು ಅಂದುಕೊಂಡಿರಬಹುದಲ್ಲ?”

“ಕೇಳಿದ ಮಾತಿಗೆ ಬಿಸಿ ಇರಲ್ಲ. ನನ್ನ ಕೈಯಲ್ಲಿ ಅಮ್ಮನ ಕೆನ್ನೆಯ ಬಿಸಿ ಇನ್ನೂ ಇದೆ” ಅಂದ ಮೂರುಕಾಲ. ಚಪ್ಪಾಳೆ ಬಿತ್ತು. ಅದರ ಅಮಲಿನಲ್ಲಿ ಮುಂದುವರಿಸಿದ. “ಅಂದಹಾಗೆ, ಇವರಿಬ್ಬರೂ ಇಷ್ಟು ದಿನ ನನ್ನ ನೆನಪು ಕೆಡಿಸೋಕೆ ಒದ್ದಾಡಿದಾರೆ. ನನಗೆಲ್ಲ ಗೊತ್ತಿತ್ತು. ವಕೀಲನದು ಹೋಗಲಿ, ನಂಬೋ ಹಾಗೆ ಮಾತಾಡ್ತಾನೆ. ಈ ತಕ್ಕಡಿ ಇದಾಳಲ್ಲ, ಸುಳ್ಳಿನ ಮೇಲೆ ಪ್ರಬಂಧ ಬರೀತಾಳೆ, ಒಂದು ಸುಳ್ಳನ್ನ ನೆಟ್ಟಗೆ ಹೇಳೋಕೆ ಬರಲ್ಲ! ನೀರಿಗೇ ಇಳಿಯದವಳು ಈಜು ಹೇಳಿಕೊಟ್ಟ ಹಾಗೆ.”

ಸಭೆ ಗೊಳ್ಳೆಂದಿತು. ಮೇಷ್ಟ್ರೂ ನಕ್ಕರು. ತಕ್ಕಡಿಯ ಕಿವಿ ಕಾದವು. ಅವಳು ಎದ್ದು ನಿಂತಾಗ ಏನು ಹೇಳಲಿದ್ದಾಳೆಂದು ಅವಳಿಗೇ ಖಚಿತವಿರಲಿಲ್ಲ. ನಗು ಇನ್ನೂ ನಿಂತಿರಲಿಲ್ಲ, ಅಷ್ಟೇ.

“ಸುಳ್ಳು ಬರಲ್ಲ, ನಿಜ. ಅದಕ್ಕೇ ನಿಜ ಹೇಳ್ತೀನಿ” ಅಂದಳು. “ನೀನು ಆಸ್ಪತ್ರೆಗೆ ಹೋಗೇ ಇಲ್ಲ. ನಿಮ್ಮಮ್ಮ ನಿನ್ನ ಮುಖ ನೋಡೋಕೂ ಒಪ್ಪಲಿಲ್ಲ. ಆ ಪರದೆ ನೋಡಿದ್ದು ನಿಮ್ಮಕ್ಕ, ಬಂಗಾರ ಅಂದಿದ್ದೂ ನಿಮ್ಮಕ್ಕ. ಹೋಗಿ ಕೇಳು.”

ಮೂರುಕಾಲ ನಗುತ್ತಲೇ ಅವಳ ಮುಖ ನೋಡಿದ. ಇದೂ ಆಟದ ಒಂದು ಭಾಗ ಎಂದುಕೊಂಡಿದ್ದಿರಬೇಕು. ನೋಡುತ್ತ ನೋಡುತ್ತ ಅವನ ನಗು ಇಳಿಯಿತು. ಇವಳಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಈಗಷ್ಟೇ ಸಾರಿದವನು ಅವನೇ. ಕೈಯಲ್ಲಿದ್ದ ಹಾಳೆಗಳನ್ನು ಮೇಜಿನ ಮೇಲಿಟ್ಟು, ಬದಿಯ ಬಾಗಿಲಿನಿಂದ ಹೊರಗೆ ಹೋದ. ವಕೀಲ ತಕ್ಕಡಿಯ ಕಡೆ ತಿರುಗಿ, “ಇದನ್ನ ನನಗ್ಯಾಕೆ ಮೊದಲೇ ಹೇಳಲಿಲ್ಲ? ನನ್ನ ಪ್ರಬಂಧಕ್ಕೆ ಎಷ್ಟು ಒಳ್ಳೆ ಉದಾಹರಣೆ ಆಗ್ತಿತ್ತು!” ಅಂದ.

ಮೂರುಕಾಲ ಮತ್ತೆ ಕಾಲೇಜಿನ ಕಡೆ ಸುಳಿಯಲಿಲ್ಲ. ತಕ್ಕಡಿ ಒಂದಷ್ಟು ದಿನ ಊಟ ಸೇರದೆ, ನಿದ್ದೆ ಬಾರದೆ ಕಳೆದಳು. ಆಮೇಲೆ ಪ್ರಬಂಧ ಮುಗಿಸಬೇಕಿತ್ತು, ಕೂತಳು. ಬರೆಯುತ್ತ ಒಬ್ಬ ಅಕ್ಕನೂ ಒಬ್ಬ ತಮ್ಮನೂ ಅದರೊಳಗೆ ಬಂದು ಸೇರಿಕೊಂಡರು. ಹೆಸರು ಹಾಕಿಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಹೊರಗಿನಿಂದ ಬಂದ ಪರೀಕ್ಷಕರು ಆ ಉದಾಹರಣೆಯನ್ನೇ ಎತ್ತಿ ಹೊಗಳಿದರು. ವಿಭಾಗಕ್ಕೆ ಅವಳೇ ಮೊದಲು ಬಂದಳು.

ಫಲಿತಾಂಶದ ಮರುವಾರ ಟೈಲರ್ ಅಂಗಡಿಗೆ ಹೋದಳು. ಕ್ಷಮೆ ಕೇಳಲು ಎಂದುಕೊಂಡೇ ಹೊರಟಿದ್ದಳು. ದಾರಿಯಲ್ಲಿ ಅದು, ‘ಹೋಗಲಿ ಬಿಡು’ ಎನ್ನಿಸಿಕೊಂಡು ಬರಲು ಎಂದಾಗಿತ್ತು. ಅಂಗಡಿಯಲ್ಲಿ ಇನ್ನೊಬ್ಬ ಹೆಂಗಸು ಬಟ್ಟೆ ಹಿಡಿದು ಕಾದಿದ್ದಳು. ಅಕ್ಕ ತಲೆ ಎತ್ತಿದಳು. ಸ್ಟೂಲು ತೋರಿಸಲಿಲ್ಲ.

“ಫಸ್ಟ್ ಬಂದೆಯಂತೆ.”

“ಅಕ್ಕಾ, ನಾನು...”

“ಅವನು ಗೋಡೌನ್‌ನಲ್ಲಿ ಕೆಲಸಕ್ಕೆ ಸೇರಿದಾನೆ, ಅಲ್ಲೇ ಮಲಗ್ತಾನೆ. ಒಂದು ಸಲ ಬಂದಿದ್ದ.” ಅಕ್ಕ ಹಲ್ಲಿನಿಂದ ದಾರ ಕಡಿದಳು. “ಹೊಸಲು ದಾಟಲಿಲ್ಲ. ‘ನೀನು ಹೇಳಿದ್ರಲ್ಲಿ ಇನ್ನೂ ಯಾವ್ಯಾವುದು ಸುಳ್ಳು?’ ಅಂದ. ಯಾವುದೂ ಇಲ್ಲ ಕಣೋ ಅಂದೆ. ‘ನನಗೆ ಜ್ವರ ಬಂದಾಗ ಮಳೇಲಿ ಹೊತ್ಕೊಂಡು ಓಡಿದ್ದು?’ ಅಂದ. ನಿಜ ಅಂದೆ. ‘ನನ್ನ ಓದಿಸೋಕೆ ಅಂತ ಮದುವೆ ಬೇಡ ಅಂದಿದ್ದು?’ ಅದೂ ನಿಜ ಅಂದೆ. ನಕ್ಕುಬಿಟ್ಟು ಹೋದ.”

“ನಾನು ಹೋಗಿ ಮಾತಾಡ್ಲಾ ಅಕ್ಕಾ? ನಾನು ಹೇಳಿದ್ರೆ ನಂಬ್ತಾನೆ.”

“ಹೌದು, ನಂಬ್ತಾನೆ. ನೀನು ಹೇಳಿದ್ರೆ ನಂಬ್ತಾನೆ” ಅಂದಳು ಅಕ್ಕ.

ಅವಳು ಬಾಗಿಲಲ್ಲಿ ನಿಂತವಳ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಕಾದಿದ್ದ ಹೆಂಗಸಿನ ಕಡೆ ಕೈ ಚಾಚಿ, “ಕೊಡಿ, ತೋಳು ಎಷ್ಟುದ್ದ ಬೇಕು?” ಎಂದು ಬಟ್ಟೆ ತೆಗೆದುಕೊಂಡಳು.