ಇನ್ನೂರ ನಲವತ್ತಮೂರನೇ ಖಾನೆ

ಅತ್ತಿಗೆಗೆ ಸಿಟ್ಟು ನೆತ್ತಿಗೇರಿದರೆ ಕನ್ನಡಕ ತೆಗೆದು ಒರೆಸುತ್ತಾಳೆ. ಅಂದು ಬೆಳಗಿನಿಂದ ನಾಲ್ಕು ಸಲ ಒರೆಸಿದ್ದಾಗಿತ್ತು.

ಅಂಗಿ, ಕೋಟುಗಳಿಗೆ ಹಾಕುವ ಗುಂಡಿಗಳ ಅಂಗಡಿ ಅದು. ಮೂರು ಗೋಡೆ ತುಂಬ ನಾನೂರು ಮರದ ಖಾನೆಗಳು. ಪ್ರತಿ ಖಾನೆಯ ಮುಖಕ್ಕೂ ಒಳಗಿರುವ ಗುಂಡಿಯನ್ನೇ ಒಂದು ಅಂಟಿಸಿ, ಕೆಳಗೆ ಸಂಖ್ಯೆ ಬರೆದಿದೆ. ಬರೆದವರು ಅವಳ ಅತ್ತೆ. ಸರಕು ಬಂದ ಹಾಗೆ ಸಂಖ್ಯೆ ಕೊಟ್ಟು, ಖಾಲಿ ಕಂಡಲ್ಲಿ ಇಟ್ಟುಬಿಡುತ್ತಿದ್ದರು. ಹಾಗಾಗಿ ಹದಿನೆಂಟರ ಪಕ್ಕದಲ್ಲೇ ಇನ್ನೂರ ನಲವತ್ತಮೂರು. ಹೊರಗಿನವರಿಗೆ ತಲೆಬುಡ ಅರ್ಥವಾಗದು, ದರ್ಜಿಗಳಿಗೆ ಮಾತ್ರ ಎಲ್ಲ ಬಾಯಿಪಾಠ. ಬಣ್ಣ, ಅಳತೆ ಯಾರೂ ಹೇಳುವುದಿಲ್ಲ, ಸಂಖ್ಯೆ ಹೇಳಿದರೆ ಮುಗಿಯಿತು.

ಆದರೆ ದರ್ಜಿಗಳು ಬಾಡಿಗೆ ತಾಳಲಾರದೆ ಒಬ್ಬೊಬ್ಬರಾಗಿ ಊರಾಚೆಗೆ ಹೋಗಿದ್ದರು. ವೆಬ್‌ಸೈಟು ಬೇಕೇ ಬೇಕು ಎಂಬುದರಲ್ಲಿ ಅತ್ತಿಗೆಗೂ ಅವಳ ಮೈದುನನಿಗೂ ಎರಡು ಮಾತಿರಲಿಲ್ಲ. ಎಂಥದ್ದು ಎಂಬಲ್ಲೇ ಜಗಳ. ಅಂಗಡಿ ಇಬ್ಬರಿಗೂ ಸಮಪಾಲು.

ಮೈದುನ ಕರೆತಂದ ವೆಬ್‌ಸೈಟಿನವನು ದೊಡ್ಡ ಪರದೆಯಲ್ಲಿ ತೋರಿಸಿದ. ಗುಂಡಿಗಳು ಗಾಳಿಯಲ್ಲಿ ತೇಲಿ, ತಿರುಗಿ, ಮಿಂಚಿದವು. ಚೆನ್ನಾಗಿಯೇ ಇತ್ತು, ಸುಳ್ಳೇಕೆ ಹೇಳಬೇಕು.

"ಇದರಲ್ಲಿ ಇನ್ನೂರ ನಲವತ್ತಮೂರು ಎಲ್ಲಿ?" ಎಂದಳು ಅತ್ತಿಗೆ.

"ಸಂಖ್ಯೆ ಎಲ್ಲಾ ತೆಗೆದುಬಿಟ್ಟೆ ಅಮ್ಮಾ, ಗೊಂದಲ ಆಗ್ತಿತ್ತು. ಈಗ ಬಣ್ಣದ ಪ್ರಕಾರ ಜೋಡಿಸಿದೀನಿ."

ಅತ್ತಿಗೆ ಐದನೇ ಸಲ ಕನ್ನಡಕ ಒರೆಸಿದಳು. "ಹೊಸ ಗುಂಡಿ ಬಂದ್ರೆ ನಾನೇ ಸೇರಿಸಬಹುದಾ?"

"ಇಲ್ಲ, ಅದಕ್ಕೆ ನಮಗೆ ಹೇಳ್ಬೇಕು."

ಬಾಗಿಲಲ್ಲಿ ಕೋಟಜ್ಜ ನಿಂತಿದ್ದ. ಕೋಟು ಹೊಲಿದು ಹೊಲಿದು ಬೆನ್ನು ಬಾಗಿದ ದರ್ಜಿ. ಎರಡು ಬಸ್ಸು ಬದಲಾಯಿಸಿ ಬಂದಿದ್ದ. ಅತ್ತಿಗೆ ಅವನ ಗಾಜೊಡೆದ ಫೋನು ಇಸಿದುಕೊಂಡು ಅದೇ ವೆಬ್‌ಸೈಟು ತೆರೆದಳು. ಪರದೆಯ ನಡುವೆ ಚಕ್ರವೊಂದು ಸುತ್ತತೊಡಗಿತು. ಕೋಟಜ್ಜನಿಗೆ ಗುಂಡಿ ಎಣಿಸಿ ಕೊಟ್ಟದ್ದಾಯಿತು. ಚಕ್ರ ಇನ್ನೂ ಸುತ್ತುತ್ತಲೇ ಇತ್ತು.

"ಫೋನು ತುಂಬಾ ಹಳೇದು," ಎಂದ ವೆಬ್‌ಸೈಟಿನವನು.

"ಹಳೇದೇ. ನನ್ನ ಗಿರಾಕಿಗಳ ಹತ್ರ ಇರೋದು ಇಂಥದ್ದೇ. ನಿಮಗೆ ಸಾದಾ ಪುಟ ಮಾಡೋಕೆ ಬರಲ್ವಾ? ಸಂಖ್ಯೆ, ಪುಟ್ಟ ಚಿತ್ರ, ಯಾವ ಗೋಡೆ, ಯಾವ ಸಾಲು, ಒತ್ತಿದ್ರೆ ನಮಗೆ ಕರೆ. ಅಷ್ಟೇ."

"ಅದನ್ನ ಯಾರು ಬೇಕಾದ್ರೂ ಮಾಡ್ತಾರೆ."

"ಹಾಗಾದ್ರೆ ನೀವೂ ಮಾಡಬಹುದಲ್ಲ."

ಮೈದುನನ ಮುಖ ಕೆಂಪಾಯಿತು. "ಅತ್ತಿಗೆ, ಅಂಥ ಪುಟ ನೋಡಿದ್ರೆ ಜನ ನಗ್ತಾರೆ! ನೀವು ಹೀಗೇ ಹಟ ಹಿಡಿದ್ರೆ ನನ್ನ ಪಾಲನ್ನ ಪಕ್ಕದ ಮೊಬೈಲ್ ಅಂಗಡಿಯವನಿಗೆ ಬಿಟ್ಟುಕೊಡ್ತೀನಿ, ನೋಡ್ತಾ ಇರಿ."

ಇಪ್ಪತ್ತಾರು ವರ್ಷ ಈ ಖಾನೆಗಳ ನಡುವೆಯೇ ಬಾಳಿದವಳು ಅತ್ತಿಗೆ. ಆದರೂ ದನಿ ಅಲುಗಲಿಲ್ಲ.

"ಸಾದಾ ಪುಟಕ್ಕೆ ಒಂದೇ ಒಂದು ವಾರ ಕೊಡು. ಆಮೇಲೂ ಯಾರೂ ಕರೆ ಮಾಡದಿದ್ರೆ ನಿನ್ನ ಪಾಲಿನ ಜೊತೆ ನನ್ನದನ್ನೂ ಅವನಿಗೇ ಕೊಡ್ತೀನಿ. ಹೋಗು, ಈಗಲೇ ಹೇಳಿ ಬಾ."

ಮೈದುನ ಹೋಗಿ ಹೇಳಿಯೂ ಬಂದ.

ವೆಬ್‌ಸೈಟಿನವನು ಗೊಣಗುತ್ತಲೇ ಮೂರು ದಿನದಲ್ಲಿ ಪುಟ ಮಾಡಿಕೊಟ್ಟ. ಅತ್ತಿಗೆ ಕೂತು ಒಂದೊಂದು ಖಾನೆಯ ಸಂಖ್ಯೆಯನ್ನೂ ತಾನೇ ತುಂಬಿದಳು. ಪುಟದ ವಿಳಾಸವನ್ನು ದರ್ಜಿಗಳಿಗೆಲ್ಲ ಕಳಿಸಿದಳು. ಮರುದಿನ ಮಧ್ಯಾಹ್ನದವರೆಗೂ ಫೋನು ಸದ್ದೇ ಮಾಡಲಿಲ್ಲ. ಮೊಬೈಲಿನವನಿಗೆ ಮಾತ್ರ ವಾರ ಕಾಯುವಷ್ಟು ತಾಳ್ಮೆಯಿರಲಿಲ್ಲ. ಅಳತೆ ಟೇಪು ಹಿಡಿದು ಬಂದು, ಖಾನೆಗಳಿಗೆ ಬೆನ್ನು ಕೊಟ್ಟು ನಿಂತು, ತನ್ನ ಗಾಜಿನ ಕಪಾಟು ಎಲ್ಲಿ ಬರಬೇಕೆಂದು ಕಣ್ಣಲ್ಲೇ ಅಳೆಯುತ್ತಿದ್ದ.

ಆಗ ಫೋನು ಬಡಿದುಕೊಂಡಿತು. ಹತ್ತಿರವಿದ್ದ ಮೈದುನ ಎತ್ತಿಕೊಂಡ.

"ನಾನು ಕೋಟಜ್ಜ ಕಣಪ್ಪ. ಕೂತಲ್ಲೇ ಒತ್ತಿದೆ, ಬಂತು! ಇನ್ನೂರ ನಲವತ್ತಮೂರು, ಎರಡು ಡಜನ್. ಪಕ್ಕದ ಬೀದಿಯವರಿಗೂ ಬೇಕಂತೆ, ಅವರೂ ಒತ್ತುತಾ ಇದಾರೆ."

ಇಟ್ಟ ಕೂಡಲೇ ಮತ್ತೆ ಬಡಿದುಕೊಂಡಿತು. ಆಮೇಲೆ ಮತ್ತೊಮ್ಮೆ.

ಮೈದುನ ಗೋಡೆಗಳನ್ನು ಮಿಕಮಿಕ ನೋಡಿದ. ಇದೇ ಅಂಗಡಿಯಲ್ಲಿ ಹುಟ್ಟಿ ಬೆಳೆದವನಿಗೆ ಆ ಖಾನೆ ಎಲ್ಲಿದೆಯೆಂದು ಗೊತ್ತಿರಲಿಲ್ಲ. ಅತ್ತಿಗೆ ಬೇಕೆಂದೇ ಬಾಯಿ ಬಿಡಲಿಲ್ಲ. ಅವನು ತನ್ನ ಹೊಸ ಫೋನು ತೆಗೆದು, ಜನ ನಗುತ್ತಾರೆ ಎಂದಿದ್ದ ಆ ಪುಟವನ್ನೇ ತೆರೆದ. ಎಡಗೋಡೆ, ಕೆಳಗಿನ ಸಾಲು. ಮೊಣಕಾಲೂರಿ ಕೂತ.

"ಸ್ವಲ್ಪ ಸರಿಯಯ್ಯಾ," ಎಂದು ಮೊಬೈಲಿನವನ ಕಾಲು ತಟ್ಟಿದ. "ನಮ್ಮ ಖಾನೆಗೆ ಅಡ್ಡ ನಿಂತಿದೀಯ."