ಯಾರ ಕೈಯಲ್ಲಿ ಯಾರ ಕಾರ್ಡು

"ನಿಮ್ಮೋರ ಹುಡುಗಿ ಅಂತ ಗೊತ್ತು ಮೇಡಂ. ಹಂಗಂತ ಶಾಲೆ ಹೆಸರು ಪಣಕ್ಕಿಡಕ್ಕಾಯ್ತದಾ?" ಎಂದು ಹೆಡ್ಮಾಸ್ಟರ್ ಹುಚ್ಚೀರಯ್ಯ ಕನ್ನಡಕ ಒರೆಸಿಕೊಳ್ಳುತ್ತ ಕೇಳಿದಾಗ ಅರುಂಧತಿಗೆ ಮೈಯೆಲ್ಲ ಉರಿದುಹೋಯಿತು. ಮಂಡ್ಯದಲ್ಲಿ ನಡೆಯುವ ವಿಜ್ಞಾನ ರಸಪ್ರಶ್ನೆಗೆ ಪ್ರತಿ ಹೈಸ್ಕೂಲಿನಿಂದ ಒಂದೇ ಮಗು ಹೋಗಬೇಕು. ವಿಜ್ಞಾನದ ಟೀಚರಾದ ಅವಳು ಪ್ರಿಯಾಂಕಳ ಹೆಸರು ಕೊಟ್ಟಿದ್ದಳು. ಇವರು ಅದನ್ನು ಹೊಡೆದುಹಾಕಿ ನಿಖಿತಾ ಎಂದು ಬರೆದಿದ್ದರು. ನಿಖಿತಾ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ಹೇಮಂತನ ಮಗಳು. ಅಷ್ಟು ಹೇಳಿದರೆ ಬೆಸಗರಹಳ್ಳಿ ಸುತ್ತಮುತ್ತಲಿನವರಿಗೆ ಉಳಿದದ್ದನ್ನು ಬಿಡಿಸಿ ಹೇಳಬೇಕಾಗಿಲ್ಲ.

'ನಿಮ್ಮೋರು' ಎಂಬ ಮಾತು ಅರುಂಧತಿಗೆ ಹೊಸದಲ್ಲ. ಮಳವಳ್ಳಿಯ ಕೇರಿಯಿಂದ ಹೊರಟು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಪ್ರತಿಯೊಂದು ಸ್ಟಾಫ್ ರೂಮಿನಲ್ಲೂ ಅದನ್ನು ಕೇಳಿದ್ದಳು. ಕೆಲವರು ನಗುನಗುತ್ತಲೇ ಅನ್ನುತ್ತಿದ್ದರು. ಅನ್ನಿಸಿಕೊಂಡು ಸುಮ್ಮನಿರುವುದು ಅವಳಿಗೆ ಅಭ್ಯಾಸವೂ ಆಗಿತ್ತು. ಆದರೆ ಇವತ್ತು ಅದು ಬಂದು ಬಡಿದದ್ದು ಒಂದು ಮಗುವಿನ ಮೇಲೆ.

ಪ್ರಿಯಾಂಕ ಊರ ಕೇರಿಯ ಬೆಳ್ಳಮ್ಮನ ಮೊಮ್ಮಗಳು. ಕೊನೆ ಬೆಂಚಿನಲ್ಲಿ ಕಿಟಕಿಯ ಪಕ್ಕ ಕೂರುವ ಹುಡುಗಿ. ಏನು ಕೇಳಿದರೂ ತಲೆ ಎತ್ತುತ್ತಿರಲಿಲ್ಲ, ಕೈಯಂತೂ ಎತ್ತುತ್ತಲೇ ಇರಲಿಲ್ಲ. ಎಂಟನೇ ಕ್ಲಾಸಿನಲ್ಲಿ ಒಮ್ಮೆ ಕೈ ಎತ್ತಿದ್ದಕ್ಕೆ ಯಾರೋ ಮೇಷ್ಟ್ರು "ನೀನೂ ಉತ್ರ ಏಳ್ಬುಟ್ಯಾ?" ಎಂದು ನಗಾಡಿದರಂತೆ. ಅಲ್ಲಿಗೆ ಅವಳ ಬಾಯಿ ಮುಚ್ಚಿತು. ದಡ್ಡಿ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟರು. ಸುಳ್ಳು ಹೇಳುವುದೇಕೆ, ಅರುಂಧತಿಯೂ ಸ್ವಲ್ಪ ದಿನ ಹಾಗೆಂದೇ ನಂಬಿದ್ದಳು.

ದಸರಾ ರಜೆಯಲ್ಲಿ ಮದ್ದೂರಿನ ಮನೆಯಲ್ಲಿ ಕೂತು ಫೋನಿನಲ್ಲಿ ಏನನ್ನೋ ಹುಡುಕುತ್ತಿದ್ದವಳಿಗೆ ಒಂದು ಲೋಕವೇ ತೆರೆದುಕೊಂಡಿತ್ತು. ಎಲ್ಲವೂ ಪುಕ್ಕಟೆ. ಬಲ್ಬು, ತಂತಿ, ಸೆಲ್ಲುಗಳನ್ನು ಪರದೆಯ ಮೇಲೇ ಜೋಡಿಸಿ ಕರೆಂಟು ಹರಿಸಬಹುದಾದ ಒಂದು ಜಾಲತಾಣ. ಹಳೇ ಕಂಪ್ಯೂಟರಿನಲ್ಲಿ ಟೈಪು ಮಾಡಿದ ಪ್ರಶ್ನೆಪತ್ರಿಕೆಗಳನ್ನು ಯಾವ ಫೋನಿನಲ್ಲಾದರೂ ಓದುವಂತೆ ಮಾಡಿಕೊಡುವ ಇನ್ನೊಂದು. ಎಲ್ಲಕ್ಕಿಂತ ಅವಳಿಗೆ ಹುಚ್ಚು ಹಿಡಿಸಿದ್ದು ಕಾರ್ಡುಗಳ ತಾಣ. ಮಕ್ಕಳ ಹತ್ತಿರ ಫೋನು ಬೇಡ. ಒಬ್ಬೊಬ್ಬರಿಗೂ ಕಪ್ಪು ಚೌಕದ ಚಿತ್ತಾರವಿರುವ ಒಂದೊಂದು ಕಾಗದದ ಕಾರ್ಡು. ಅದರ ನಾಲ್ಕು ಬದಿಯಲ್ಲಿ ಎ, ಬಿ, ಸಿ, ಡಿ. ತಮಗೆ ಸರಿಯೆನಿಸಿದ ಅಕ್ಷರ ಮೇಲೆ ಬರುವಂತೆ ಕಾರ್ಡು ಎತ್ತಿ ಹಿಡಿದರೆ ಸಾಕು. ಟೀಚರು ತನ್ನ ಫೋನಿನ ಕ್ಯಾಮೆರಾವನ್ನು ಕ್ಲಾಸಿನ ಮೇಲೆ ಒಂದು ಸುತ್ತು ಆಡಿಸಿದರೆ ಪ್ರತಿ ಕಾರ್ಡಿನ ಮೇಲೂ ಆ ಮಗುವಿನ ಹೆಸರು ಮೂಡುತ್ತದೆ, ಉತ್ತರ ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು. ಪಕ್ಕದವರಿಗೆ ಏನೂ ತಿಳಿಯುವುದಿಲ್ಲ. ಯಾರೂ ನಗುವ ಹಾಗಿಲ್ಲ.

ಅವಳು ಕಾರ್ಡುಗಳನ್ನು ಪ್ರಿಂಟು ಹಾಕಿಸಿ, ರಟ್ಟಿಗೆ ಅಂಟಿಸಿ ತಂದಳು. ಗಣಿತದ ಜಯಲಕ್ಷ್ಮಮ್ಮ ಮೂಗು ಮುರಿದು, ಬಿಟ್ಟಿ ಸಿಕ್ಕೋದರಲ್ಲಿ ಏನು ಮಣ್ಣಿರುತ್ತದೆ ಅಂದರು. ಮೊದಲ ದಿನ ಕ್ಯಾಮೆರಾ ಕೊನೆ ಬೆಂಚು ತಲುಪಿದಾಗ ಕಿಟಕಿಯ ಪಕ್ಕದಲ್ಲಿ ಹಸಿರು. ಮುಂದಿನ ಪ್ರಶ್ನೆಗೂ ಹಸಿರು. ವಾರವೆಲ್ಲ ಹಸಿರು. ಎಂಟನೇ ಕ್ಲಾಸಿನಿಂದ ಬಾಯಿ ಬಿಡದ ಹುಡುಗಿಗೆ ಎಲ್ಲ ಗೊತ್ತಿತ್ತು. ಆ ದಿನ ಅರುಂಧತಿಗೆ ಸಂತೋಷವಾಗಬೇಕಿತ್ತು. ಆದದ್ದು ಸಿಟ್ಟು. ಈ ಮಗುವನ್ನು ದಡ್ಡಿ ಮಾಡಿಟ್ಟವರ ಮೇಲೆ ಸಿಟ್ಟು, ಅವರಲ್ಲಿ ತಾನೂ ಒಬ್ಬಳಾಗಿದ್ದೆನಲ್ಲ ಎಂದು ಇನ್ನೂ ಸಿಟ್ಟು.

ಈಗ ಹುಚ್ಚೀರಯ್ಯನವರ ಮೇಜಿನ ಮುಂದೆ ನಿಂತು ಅವಳು ಹಲ್ಲು ಕಚ್ಚಿಕೊಂಡು ಹೇಳಿದಳು: "ಕಾರ್ಡಿನ ಅಂಕ ನಾನು ತಿದ್ದಿದೀನಿ ಅಂತ ತಾನೇ ನಿಮ್ಮ ಅನುಮಾನ? ನಿಮ್ಮೆದುರಿಗೆ, ಅಧ್ಯಕ್ಷರ ಎದುರಿಗೆ ಇನ್ನೊಂದು ಸಲ ಮಾಡ್ತೀನಿ. ಫೋನಿಂದ ಕ್ಲಾಸಿನ ಟಿವಿ ಮೇಲೆ ಹಾಕ್ತೀನಿ, ಅದರಲ್ಲಿ ಯಾರ ಹೆಸರು ಮುಂದೆ ಬರುತ್ತೋ ಅವರು ಹೋಗಲಿ."

ಅವರು ಒಪ್ಪಿದರು. ಒಪ್ಪಿದ್ದಷ್ಟೇ ಅಲ್ಲ, ಯಾವತ್ತೂ ಅವಳ ಪಾಠದ ಬಗ್ಗೆ ಒಂದು ಮಾತು ಕೇಳದವರು ಇವತ್ತು ಕುರ್ಚಿ ಎಳೆದು ಕೂರಿಸಿ, ಇಷ್ಟು ಮಕ್ಕಳಲ್ಲಿ ಯಾರು ಯಾರೆಂದು ಅದಕ್ಕೆ ಹೇಗೆ ತಿಳಿಯುತ್ತದೆ ಎಂದು ಕೇಳಿದರು. ಅರುಂಧತಿ ಸಿಟ್ಟು ಮರೆತು ಉತ್ಸಾಹದಿಂದ ವಿವರಿಸಿದಳು. ಅದು ಮುಖ ನೋಡುವುದಿಲ್ಲ ಸಾರ್, ಕಾರ್ಡಿನ ನಂಬರು ನೋಡುತ್ತದೆ, ಒಂದೊಂದು ನಂಬರಿಗೆ ಒಂದೊಂದು ಹೆಸರು ಕೂರಿಸಿದ್ದೇನೆ ಎಂದಳು. ಅವರು ಭೇಷ್ ಎಂದು ತಲೆಯಾಡಿಸಿದರು.

ಶುಕ್ರವಾರ ಮಧ್ಯಾಹ್ನ ಹತ್ತನೇ ಕ್ಲಾಸಿಗೆ ಹೇಮಂತ ಬಂದು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ. ಯಾರೂ ಬೆರಳು ತೋರಿಸಬಾರದೆಂದು ಹುಚ್ಚೀರಯ್ಯನವರು ಕಾರ್ಡುಗಳನ್ನು ತಾವೇ ಹಂಚಿದರು. ಫಲಿತಾಂಶ ಕೊನೆಯಲ್ಲಿ ಮಾತ್ರ ಟಿವಿಗೆ ಬರಬೇಕು, ಟಿವಿಗೆ ಬಂದದ್ದೇ ಅಂತಿಮ ಎಂದೂ ಸಾರಿದರು. ಅರುಂಧತಿ ಮೊದಲ ಪ್ರಶ್ನೆ ಓದಿ ಫೋನು ಎತ್ತಿದಳು.

ಕೊನೆ ಬೆಂಚು, ಕಿಟಕಿಯ ಪಕ್ಕ. ಪ್ರಿಯಾಂಕಳ ತಲೆಯ ಮೇಲೆ ಹಸಿರು ಅಕ್ಷರದಲ್ಲಿ ನಿಖಿತಾ ಎಂದು ಮೂಡಿತು.

ಫೋನು ಎಡವಟ್ಟು ಮಾಡಿತೇನೋ ಎಂದು ಅವಳು ಕ್ಯಾಮೆರಾವನ್ನು ಮುಂದಿನ ಬೆಂಚಿಗೆ ತಿರುಗಿಸಿದಳು. ನಿಖಿತಾ ಹಿಡಿದ ಕಾರ್ಡಿನ ಮೇಲೆ ಪ್ರಿಯಾಂಕ ಎಂದಿತ್ತು. ಮಿಕ್ಕವರೆಲ್ಲ ಸರಿಯಾಗಿದ್ದರು. ಅದಲುಬದಲಾಗಿದ್ದು ಇಬ್ಬರದು ಮಾತ್ರ. ಕಳ್ಳತನ ಮಾಡುವುದು ಹೇಗೆಂದು ಕುರ್ಚಿಯಲ್ಲಿ ಕೂತು, ನಗುನಗುತ್ತ, ಅವಳೇ ಹೇಳಿಕೊಟ್ಟು ಬಂದಿದ್ದಳು.

"ಕಾರ್ಡು ಸರಿಯಾಗಿ ಹಂಚಿದೀರಾ ಸಾರ್?"

"ನಂಬಿಕೆ ಇಲ್ದಿದ್ರೆ ಈಗ್ಲೇ ನಿಲ್ಲಿಸಿ ಮೇಡಂ," ಅಂದರು ಹುಚ್ಚೀರಯ್ಯ. "ನಾನ್ ಬರ್ದಿರೋ ಹೆಸರು ಬರ್ದಂಗೇ ಹೋಯ್ತದೆ."

ನಿಲ್ಲಿಸಿದರೆ ನಿಖಿತಾ, ನಡೆಸಿದರೂ ನಿಖಿತಾ. ಅರುಂಧತಿ ಪ್ರಿಯಾಂಕಳ ಕಡೆ ತಿರುಗಿ, ಕಾರ್ಡು ನಿನ್ನದೇ ತಾನೇ, ನೋಡಿಕೋ ಎಂದಳು. ಹುಡುಗಿ ಮೂಲೆಯ ನಂಬರು ನೋಡಿದಳು. ಮುಂದಿನ ಬೆಂಚಿನಲ್ಲಿದ್ದ ನಿಖಿತಾಳ ಕೈ ನೋಡಿದಳು. ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ ಹೆಡ್ಮಾಸ್ಟರನ್ನು ನೋಡಿದಳು. ತಲೆ ತಗ್ಗಿಸಿದಳು. ಅರುಂಧತಿಗೆ ಆ ಕ್ಷಣ ಅವಳ ಕೆನ್ನೆಗೆ ಬಾರಿಸುವಷ್ಟು ಕೋಪ ಬಂತು. ಒಂದು ಮಾತು, ಒಂದೇ ಒಂದು ಮಾತು ಆಡಬಾರದೇ ಈ ಮೂದೇವಿ!

ಎರಡನೇ ಪ್ರಶ್ನೆ ಬೆಳಕಿನ ವಕ್ರೀಭವನದ್ದು. ಪ್ರಿಯಾಂಕಳಿಗೆ ನಿದ್ದೆಗಣ್ಣಲ್ಲೂ ಬರುವಂಥದ್ದು. ಫೋನು ಅಲ್ಲಿಗೆ ಹೋದಾಗ ನಿಖಿತಾ ಎಂಬ ಹೆಸರು ಕೆಂಪಗಿತ್ತು. ಮುಂದಿನದೂ ಕೆಂಪು. ಅದರ ಮುಂದಿನದೂ. ಅರುಂಧತಿ ಫೋನನ್ನು ಸ್ವಲ್ಪ ಕೆಳಗಿಳಿಸಿ ನೋಡಿದಳು. ಹುಡುಗಿ ಈಗ ತಲೆ ತಗ್ಗಿಸಿರಲಿಲ್ಲ. ಪ್ರಶ್ನೆ ಪೂರಾ ಕೇಳಿಸಿಕೊಂಡು, ಕಾರ್ಡನ್ನು ನಿಧಾನವಾಗಿ ತಿರುಗಿಸಿ, ಬೇಕೆಂದೇ ತಪ್ಪು ಬದಿ ಮೇಲೆ ಮಾಡಿ ಎತ್ತಿ ಹಿಡಿಯುತ್ತಿದ್ದಳು. ತುಟಿ ಬಿಗಿದಿತ್ತು. ಕೊನೆಯ ಪ್ರಶ್ನೆಯವರೆಗೂ ಹಾಗೆಯೇ ಮಾಡಿದಳು.

ಟಿವಿಯ ಮೇಲೆ ಫಲಿತಾಂಶ ಬಂತು. ನಿಖಿತಾಳ ಹೆಸರು ತಳದಲ್ಲಿತ್ತು. ಪ್ರಿಯಾಂಕಳದು ಎಲ್ಲರಿಗಿಂತ ಮೇಲಿತ್ತು. ನಿಖಿತಾ ತಿಳಿದಷ್ಟನ್ನು ಪ್ರಾಮಾಣಿಕವಾಗಿಯೇ ಹಿಡಿದಿದ್ದಳು, ಅದೆಲ್ಲ ಹೋಗಿ ಪ್ರಿಯಾಂಕಳ ಹೆಸರಿಗೆ ಬಿದ್ದಿತ್ತು. ಹುಚ್ಚೀರಯ್ಯನವರ ಮುಖ ಇಂಗು ತಿಂದ ಮಂಗನಂತಾಯಿತು. ಹಂಚಿದವರು ತಾವೇ, ಕಾರ್ಡು ಬದಲಾಗಿದೆ ಎನ್ನುವುದಕ್ಕೆ ಅವರಿಗೆ ಬಾಯಿಲ್ಲ.

ಮಕ್ಕಳು ಗದ್ದಲವೆಬ್ಬಿಸುತ್ತ ಅಂಗಳಕ್ಕಿಳಿದರು. ಅರುಂಧತಿ ಪ್ರಿಯಾಂಕಳನ್ನು ತಡೆದು, ಯಾಕೆ ಹಾಗೆ ಮಾಡಿದೆ ಎಂದು ಕೇಳಿದಳು.

"ನನ್ನುತ್ರ ಅವ್ಳಿಗ್ಯಾಕೋಗ್ಬೇಕು ಮಿಸ್?" ಅಂದಳು ಹುಡುಗಿ. "ಈಗ ನನ್ ಹೆಸ್ರಿಗೆ ಬಂದಿರಾದೂ ನಂದಲ್ಲ. ಅದ್ನೂ ನಾನ್ ಇಸ್ಕಳಕಿಲ್ಲ," ಅಂದಳು.

ಅರುಂಧತಿ ಬಾಯಿ ಮುಚ್ಚಿಕೊಂಡಿದ್ದರೆ ಹುಡುಗಿ ಮಂಡ್ಯಕ್ಕೆ ಹೋಗುತ್ತಾಳೆ. ಹೇಳಿದರೆ ಮತ್ತೆ ಹೆಡ್ಮಾಸ್ಟರ ಕೈಗೆ ಪೆನ್ನು. ಅಷ್ಟರಲ್ಲಿ ಅಂಗಳದಿಂದ ಹೇಮಂತನ ದನಿ ಕೇಳಿಸಿತು. ಎಲ್ಲರೆದುರು ಮಾನ ಕಳೆದೆಯಲ್ಲ ಎಂದು ಮಗಳನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದ. ನಿಖಿತಾ ಬೈಕಿನ ಪಕ್ಕದಲ್ಲಿ ನಿಂತು ಬಿಕ್ಕುತ್ತಿದ್ದಳು. ಹುಚ್ಚೀರಯ್ಯ ಜಗಲಿಯ ಮೇಲಿನಿಂದ ನೋಡುತ್ತಿದ್ದರು. ಮಾಡಿದವರು ನೆರಳಲ್ಲಿ ನಿಂತಿದ್ದಾರೆ, ಬೈಸಿಕೊಳ್ಳುವವಳು ಬಿಸಿಲಲ್ಲಿ. ಅರುಂಧತಿಗೆ ಇನ್ನು ತಡೆಯಲಾಗಲಿಲ್ಲ.

ಅವಳು ಸೀದಾ ಅಂಗಳಕ್ಕೆ ಹೋಗಿ, ನಿಮ್ಮ ಮಗಳು ಚೆನ್ನಾಗಿಯೇ ಮಾಡಿದ್ದಾಳೆ ಎಂದಳು. ಅವಳ ಕೈಗೆ ಪ್ರಿಯಾಂಕಳ ಕಾರ್ಡು, ಪ್ರಿಯಾಂಕಳ ಕೈಗೆ ಅವಳ ಕಾರ್ಡು ಕೊಟ್ಟವರು ಇವರು ಎಂದು ಜಗಲಿಯ ಕಡೆ ಕೈ ತೋರಿಸಿದಳು. ಎಲ್ಲರಿಗೂ ಕೇಳಿಸುವಂತೆಯೇ ಹೇಳಿದಳು. ಹೇಮಂತ ಮಗಳನ್ನು ನೋಡಿದ. ಸಾರೇ ಇವತ್ತು ಇದನ್ನು ಹಿಡ್ಕೋ ಅಂದ್ರು ಎಂದು ಅವಳು ಅಳುತ್ತಲೇ ಹೇಳಿದಳು.

"ನನ್ ಮಗ್ಳಿಗೆ ಕದ್ದು ಕೊಡಿ ಅಂತ ಯಾವನ್ರೀ ಕೇಳಿದ್ದು?" ಎಂದ ಹೇಮಂತ, ಹೆಡ್ಮಾಸ್ಟರ ಕಡೆ ತಿರುಗಿ. ಅವನ ಕತ್ತಿನ ನರ ಉಬ್ಬಿತ್ತು. ನ್ಯಾಯಕ್ಕೋ, ಊರೆದುರು ಹೋದ ಮಾನಕ್ಕೋ, ಅರುಂಧತಿಗೆ ತಿಳಿಯಲಿಲ್ಲ. "ಇನ್ನೊಂದ್ಸಲ ಮಾಡ್ಸಿ ಮೇಡಂ. ಈಗ್ಲೇ."

ಹುಚ್ಚೀರಯ್ಯ ಬಸ್ಸಿನ ಹೊತ್ತಾಯಿತು ಎಂದೇನೋ ಗೊಣಗಿದರು. ಯಾರೂ ಅವರತ್ತ ನೋಡಲಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಒಳಕ್ಕೆ ಬಂದು ಕೂತರು. ಅರುಂಧತಿ ಹೊಸ ಪ್ರಶ್ನೆಗಳನ್ನು ತೆರೆದು, ಕಾರ್ಡುಗಳನ್ನು ವಾಪಸು ತೆಗೆದುಕೊಂಡು ಮತ್ತೆ ಹಂಚಬೇಕೆಂದು ತಿರುಗುವಷ್ಟರಲ್ಲಿ ಪ್ರಿಯಾಂಕ ಯಾರನ್ನೂ ಕೇಳದೆ ಎದ್ದಳು. ಸಾಲುಗಳ ನಡುವೆ ನಡೆದುಬಂದು, ತನ್ನ ಕೈಯಲ್ಲಿದ್ದ ಕಾರ್ಡನ್ನು ನಿಖಿತಾಳ ಮುಂದಿಟ್ಟು, ಅವಳ ಕೈಯಲ್ಲಿದ್ದುದನ್ನು ತೆಗೆದುಕೊಂಡಳು. ಕೊನೆ ಬೆಂಚಿಗೆ ಹಿಂತಿರುಗಲಿಲ್ಲ. ಅಲ್ಲೇ ಮುಂದಿನ ಬೆಂಚಿನಲ್ಲಿ ನಿಖಿತಾಳನ್ನು ಸರಿಸಿ ಕೂತಳು.

"ಈಗ ಕೇಳಿ ಮಿಸ್," ಅಂದಳು.