ಕೆಂಪು ದಾರದ ಅವರೆ

ಕಾಳಿನ ಮೂತಿಯಲ್ಲೊಂದು ಬಿಳಿ ಗೆರೆ, ಬೆಂದರೂ ಅಳಿಸಿಲ್ಲ, ಮುತ್ತುಗದ ಎಲೆಯ ಮೇಲೆ ಮುದ್ದೆಯ ಪಕ್ಕ ಸಾರು ಹರಡಿಕೊಂಡಾಗ ಸಂಗೀತಾಳ ಕಣ್ಣಿಗೆ ಮೊದಲು ಬಿದ್ದದ್ದು ಅದೇ, ಇನ್ನೊಂದು ಸೌಟು ಬಿಡ್ಲಾ ಅಕ್ಕಾ ಎಂದು ಬಡಿಸುವವನು ಬಗ್ಗಿದ್ದಾನೆ, ಬೇಡ ಎನ್ನುವಷ್ಟರಲ್ಲಿ ಪಕ್ಕದಲ್ಲಿ ಕೂತ ಅಪ್ಪ, ಬಿಡಪ್ಪಾ ಬಿಡು, ನನ್ ಮಗಳು ಬೆಳ್ಸಿದ್ ಅವರೆ ಕಣೋ, ಮಠಕ್ಕೇ ಅಂತ ಮೀಸಲು ಕಟ್ಟಿದ್ಲು — ಪಂಕ್ತಿಯ ಆ ತುದಿಗೂ ಕೇಳಬೇಕು ಎಂಬ ಹಾಗೆ ಹೇಳುತ್ತಾನೆ, ಅಪ್ಪ ಮಲ್ಲಿಕಾರ್ಜುನಯ್ಯನ ಮುಖ ಇಷ್ಟು ಅರಳಿದ್ದನ್ನು ಅವಳು ಯಾವತ್ತು ಕಂಡಿದ್ದಳು, ತನಗೆ ಡಾಕ್ಟರೇಟ್ ಬಂದ ದಿನವೂ ಇಲ್ಲ, ಮೀಸಲಂತೆ ಮೀಸಲು, ಕಟ್ಟಿದ್ದು ಅವಳೇ ತಾನೆ, ಲ್ಯಾಬಿನ ಪ್ಲಾಸ್ಟಿಕ್ ಚೀಟಿಗಳನ್ನು ಮೇಕೆಗಳು ತಿಂದು ಹಾಕುತ್ತವೆ ಎಂದು ಅಮ್ಮನ ಹೊಲಿಗೆ ಡಬ್ಬಿಯಿಂದ ಕೆಂಪು ದಾರ ತೆಗೆದು ಗುರುತಿಗೆ ಗಿಡಗಳಿಗೆ ಕಟ್ಟಿದ್ದಳು, ಈ ಗಿಡಗಳ ಕಾಯನ್ನ ಯಾರೂ ಬಾಯಿಗೆ ಹಾಕ್ಬಾರ್ದು ಅಪ್ಪಾ ಅಂದಿದ್ದಳು, ಅಷ್ಟೂ ಗೊತ್ತಾಗಲ್ವೇನವ್ವಾ ನಂಗೆ ಅಂದಿದ್ದ, ಗೊತ್ತಾಗಿತ್ತು, ಪೂರ್ತಿ ಗೊತ್ತಾಗಿತ್ತು, ತಾತನ ಕಾಲದಿಂದ ಈ ಮನೆಯಲ್ಲಿ ದಾರ ಕಟ್ಟಿದ ಗಿಡವೆಂದರೆ ಮಠದ ದಾಸೋಹಕ್ಕೆ, ಅದರ ಕಾಯಿ ಮನೆಯವರು ಮುಟ್ಟುವಂತಿಲ್ಲ, ಒಪ್ಪಿಸಿದ ಮೇಲೆ ಗಿಡ ಹೊಲದಲ್ಲಿ ನಿಲ್ಲುವಂತಿಲ್ಲ, ಬುಡಸಮೇತ ಕಿತ್ತು ಎತ್ತಿಗೆ ಹಾಕಬೇಕು. ಇದನ್ನು ನೋಡುತ್ತಲೇ ಬೆಳೆದವಳು ಅವಳು, ದಾರ ಕಟ್ಟುವಾಗ ನೆನಪಾಗಲಿಲ್ಲ.

ಬೆಳಿಗ್ಗೆ ಕಡೂರಿನ ಬಸ್ಸಿಳಿದು ಮನೆಗೂ ಹೋಗದೆ ಹೊಲಕ್ಕೆ ಹೋಗಿದ್ದಳು, ಸುತ್ತ ಎಲ್ಲ ಗಿಡಗಳೂ ಅರಿಸಿನ ಬಳಿದ ಹಾಗೆ ಹಳದಿ ರೋಗ ಹಿಡಿದು ನಿಂತಿವೆ, ತನ್ನ ಗಿಡಗಳು ಹಸಿರಾಗಿದ್ದ ಕಡೆಯೆಲ್ಲ ಗುಳಿ, ಬರೀ ಗುಳಿ, ಅಪ್ಪಾ ಗಿಡ ಎಲ್ಲಿ, ಬದುವಿನ ಮೇಲಿದ್ದ ಅಪ್ಪ, ನೆನ್ನೇನೇ ಒಪ್ಪಿಸ್ಬಂದೆ ಕಣವ್ವಾ, ಸೊಗಡು ಹೆಂಗಿತ್ತು ಅಂತೀಯ — ಅವನನ್ನೇ ಹಿಂದೆ ಕೂರಿಸಿಕೊಂಡು ಅವನದೇ ಸ್ಕೂಟರ್ ಓಡಿಸಿದಳು, ಮಠದ ಅಡುಗೆಮನೆಯಲ್ಲಿ ಅಂಬಮ್ಮ ಕೈ ಒರೆಸಿಕೊಳ್ಳುತ್ತ, ಎಲ್ಲಾ ಸುಲ್ದು ಬೇಯಾಕೆ ಹಾಕಾಯ್ತಲ್ಲವ್ವಾ, ಯಾಕೆ ಎಂದಳು, ಕೊಪ್ಪರಿಗೆ ಕುದಿಯುತ್ತಿತ್ತು, ಬೇರೆ ಭಕ್ತರು ತಂದ ಅವರೆಯೂ ಅದರಲ್ಲೇ, ಬಗ್ಗಿ ನೋಡಿ ಏನು ಮಾಡುತ್ತಾಳೆ, ಕಣ್ಣಿಗೆ ಎಲ್ಲವೂ ಅವರೆಯೇ, ಯಾವುದರೊಳಗೆ ರೋಗ ತಡೆಯುವ ಗುಣ ಇದೆ ಎಂದು ಕಣ್ಣು ಹೇಳುವಂತಿದ್ದರೆ ಐದು ವರ್ಷ ಯಾಕೆ ಬೇಕಿತ್ತು, ಗುಣವಿದ್ದ ತಳಿಗೆ ಸೊಗಡಿಲ್ಲ, ಅಪ್ಪನ ತಳಿಗೆ ಸೊಗಡುಂಟು ರೋಗವೂ ಉಂಟು, ಎರಡನ್ನೂ ಕೂಡಿಸಿ, ಹುಟ್ಟಿದ್ದನ್ನು ಮತ್ತೆ ಅಪ್ಪನ ತಳಿಗೇ ಕೂಡಿಸಿ, ಒಂದೊಂದು ಸಸಿಯ ಎಲೆ ಚೂರು ಅರೆದು, ಡಿಎನ್ಎ ತೆಗೆದು, ಕತ್ತಲೆ ಕೋಣೆಯಲ್ಲಿ ಜೆಲ್ಲಿನ ಲೋಳೆ ಬಿಲ್ಲೆಯ ಮುಂದೆ ಕಾಯುವುದು, ಗುಣ ಇದೆ ಎನ್ನುವ ಬಿಳಿ ಗೆರೆ ಅದರ ಮೇಲೆ ಮೂಡಿದರೆ ಆ ಸಸಿ ಉಳಿಯಿತು, ಮೂಡದಿದ್ದರೆ ಕಸಕ್ಕೆ, ಕಡೆಗೆ ಸಿಕ್ಕ ಬೆರಳೆಣಿಕೆಯ ಕಾಳನ್ನೆಲ್ಲ ತನ್ನೂರು ಪಂಚನಹಳ್ಳಿಯಲ್ಲೇ ಬಿತ್ತಿದ್ದಳು, ಇಲ್ಲಿ ರೋಗ ಜೋರು, ಇಲ್ಲಿ ಗೆದ್ದರೆ ಎಲ್ಲೂ ಗೆದ್ದ ಹಾಗೆ, ನಾಲ್ಕು ಕಾಳು ಎತ್ತಿಟ್ಟುಕೊ ಸಂಗೀತಾ ಅಂದಿದ್ದರು ಲ್ಯಾಬಿನ ಮೇಡಂ, ಮನೆ ಹೊಲ ತಾನೇ ಮೇಡಂ, ನಮ್ಮಪ್ಪ ಇದಾರಲ್ಲ — ಎಲೆಯ ಚೂರುಗಳು ಫ್ರಿಜ್ಜಿನಲ್ಲಿ ಭದ್ರವಾಗಿವೆ, ಅವುಗಳಿಂದ ಗಿಡ ಹುಟ್ಟುವುದಿಲ್ಲ.

ಪಕ್ಕದ ಎಲೆಯಿಂದ ಅಪ್ಪ, ತಿನ್ನವ್ವಾ, ಆರೋಗುತ್ತೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ, ಇಲ್ಲಿ ನೋಡಿದರೆ ಬಾಯಿಗೇ ಬಂದಿದೆ, ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಅಪ್ಪನ ಮೇಲೆ ಕೆಂಡದಂಥ ಸಿಟ್ಟು, ಹೇಳಿಬಿಡಲೇ, ನೀನು ಕಿತ್ತದ್ದು ಏನು ಗೊತ್ತಾ ಎಂದು ಇಲ್ಲೇ ಹೇಳಿಬಿಡಲೇ, ಅವನು ಬೆರಳು ನೆಕ್ಕುತ್ತಿದ್ದಾನೆ, ಎಂಥಾ ಸೊಗಡು ಕಣವ್ವಾ, ನಮ್ಮಪ್ಪನ ಕಾಲದ್ದೇ, ಹಳದಿ ಬೇರೆ ಹಿಡೀಲಿಲ್ಲ, ಈ ಬೀಜ ಮುಂದಿನ್ ವರ್ಷ ಊರಿಗೆಲ್ಲಾ ಕೊಡ್ತಾಳೆ ನನ್ ಮಗಳು ಅಂತ ಎಲ್ರಿಗೂ ಹೇಳ್ಬಿಟ್ಟಿದೀನಿ, ಕೊಡ್ತೀಯ ತಾನೆ — ಅವಳು ಮುದ್ದೆ ಮುರಿದಳು, ಸಾರಿಗೆ ಅದ್ದಿದಳು, ನುಂಗಿದಳು, ರುಚಿಯಾಗಿತ್ತು, ಅದನ್ನೇ ತಡೆಯಲಾಗಲಿಲ್ಲ, ಮತ್ತೊಂದು ತುತ್ತು, ಮತ್ತೊಂದು, ಪಂಕ್ತಿ ಏಳುತ್ತಿದೆ, ಎಲೇಲಿ ಬಿಡ್ಬಾರ್ದು ಕಣವ್ವಾ, ಪ್ರಸಾದ, ಬಿಟ್ಟಿಲ್ಲ ಅಪ್ಪಾ, ಒಂದೇ ಕಾಳು, ಹೆಬ್ಬೆರಳಲ್ಲಿ ಒತ್ತಿದರೆ ಸಿಪ್ಪೆ ಜಾರುತ್ತದೆ, ಒತ್ತಲಾರಳು, ಕತ್ತಲೆ ಕೋಣೆ, ಜೆಲ್ಲು, ಮೂಡಿತು ಮೇಡಂ ಮೂಡಿತು, ಎಲೆಯ ನಡುವೆ ಒಂದು ಕಾಳು, ಅದರ ಮೂತಿಯಲ್ಲಿ ಬಿಳಿ ಗೆರೆ, ಏಳವ್ವಾ, ಬಿಳಿ ಗೆರೆ